ಉರಿದ ಬೀದಿಗಳ ಸಾಕ್ಷ್ಯ ಕತ್ತಲಲ್ಲಿ ಕೊಳೆಯಬಾರದು

ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಿಳಾಸದ ಬಹುಮಹಡಿ ವಸತಿ ಕಟ್ಟಡವೊಂದಿದೆ. 1973ರ ಆಗಸ್ಟ್ 11ರಂದು ಅದರ ಸಮುದಾಯ ಕೊಠಡಿಯಲ್ಲಿ ಹದಿಹರೆಯದವರ ಒಂದು ಕುಣಿತದ ಕೂಟ ಏರ್ಪಟ್ಟಿತ್ತು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆ ಕೊಳ್ಳಲು ಹಣ ಹೊಂದಿಸಬೇಕೆಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಅದನ್ನು ಯೋಜಿಸಿದ್ದಳು. ಪ್ರವೇಶ ದರ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಜಮೈಕಾದ ಕಿಂಗ್‌ಸ್ಟನ್‌ನಿಂದ 1967ರಲ್ಲಿ ವಲಸೆ ಬಂದಿದ್ದ ಆಕೆಯ ಅಣ್ಣ ಕ್ಲೈವ್, ಅಂದರೆ ಡಿಜೆ ಕೂಲ್ ಹರ್ಕ್, ಅಂದು ಸಂಗೀತದ ಹೊಣೆ ಹೊತ್ತಿದ್ದ. ಹಾಡಿನಲ್ಲಿ ಗಾಯನ ನಿಂತು ತಾಳವಾದ್ಯ ಮಾತ್ರ ಉಳಿಯುವ ಕೆಲವೇ ಕ್ಷಣಗಳಲ್ಲಿ ಕುಣಿಯುವವರ ಹುರುಪು ಹೆಚ್ಚುವುದನ್ನು ಆತ ಗಮನಿಸಿದ್ದ. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದು ಮುಗಿಯುತ್ತಿದ್ದಂತೆ ಇನ್ನೊಂದಕ್ಕೆ ಹಾರುತ್ತ, ಆ ಕ್ಷಣಗಳನ್ನು ನಿಮಿಷಗಳಾಗಿ ಹಿಗ್ಗಿಸುವ ವಿಧಾನವನ್ನು ಆತ ರೂಢಿಸಿದ. ಮುಂದೆ ಹಿಪ್ ಹಾಪ್ ಎಂದು ಹೆಸರಾದ ಸಂಸ್ಕೃತಿಯ ಹುಟ್ಟುದಿನವೆಂದು ಲೋಕ ಈಗ ಒಪ್ಪಿರುವುದು ಆ ದಿನವನ್ನೇ.

2017ರ ವೇಳೆಗೆ ಈ ಪ್ರಕಾರ, ಅದರ ಸೋದರ ಪ್ರಕಾರವಾದ ಆರ್ ಅಂಡ್ ಬಿ ಜೊತೆಗೂಡಿ, ಅಮೆರಿಕದಲ್ಲಿ ಅತಿ ಹೆಚ್ಚು ಕೇಳಲ್ಪಡುವ ಸಂಗೀತವಾಯಿತು. 2018ರಲ್ಲಿ ಕೆಂಡ್ರಿಕ್ ಲಮಾರ್ ಎಂಬ ರ‍್ಯಾಪ್ ಕಲಾವಿದನಿಗೆ ಪುಲಿಟ್ಜರ್ ಸಂಗೀತ ಪ್ರಶಸ್ತಿ ಸಂದಿತು. 2023ರಲ್ಲಿ ಐವತ್ತರ ಸಂಭ್ರಮ ಅನೇಕ ದೇಶಗಳಲ್ಲಿ ನಡೆಯಿತು. ಇಷ್ಟು ಬೃಹತ್ತಾಗಿ ಬೆಳೆದ ಮರದ ಬೇರುಗಳನ್ನು ಕಣ್ಣಾರೆ ಕಂಡು ಚಿತ್ರಿಸಿದ ಸಾಕ್ಷ್ಯಚಿತ್ರಗಳು ಮಾತ್ರ ಬೆರಳೆಣಿಕೆಯಷ್ಟು. ಅವುಗಳಲ್ಲಿಯೂ ಹಲವು ದಶಕಗಳ ಕಾಲ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ. ಎಂದೋ ಒಮ್ಮೆ ಒಂದು ವಸ್ತುಸಂಗ್ರಹಾಲಯದಲ್ಲೋ ಚಿತ್ರೋತ್ಸವದಲ್ಲೋ ಪ್ರದರ್ಶನಗೊಂಡಾಗ ಆಸಕ್ತರು ದೂರದಿಂದ ಬಂದು ನೋಡುತ್ತಾರೆ; ಮತ್ತೆ ಚಿತ್ರ ಪೆಟ್ಟಿಗೆ ಸೇರುತ್ತದೆ. ಇದು ಕೇವಲ ಸಂಗೀತಪ್ರಿಯರ ಅಳಲೆಂದು ತಳ್ಳಿಹಾಕುವಂತಿಲ್ಲ. ಒಂದು ನಗರಾಡಳಿತ ತನ್ನ ಬಡ ನಾಗರಿಕರನ್ನು ಹೇಗೆ ಕೈಬಿಟ್ಟಿತು, ಕೈಬಿಡಲ್ಪಟ್ಟವರು ಹೇಗೆ ಬದುಕಿದರು ಎಂಬುದಕ್ಕೆ ಈ ಚಿತ್ರಗಳು ಸಾಕ್ಷ್ಯ. ಆ ಸಾಕ್ಷ್ಯ ಯಾರ ಸ್ವತ್ತು, ಅದನ್ನು ಯಾರು ನೋಡಬಹುದು ಎಂಬುದು ಸಾರ್ವಜನಿಕ ನೀತಿಯ ಪ್ರಶ್ನೆ.

ಮೊದಲಿಗೆ ಹಿನ್ನೆಲೆಯನ್ನು ನೋಡೋಣ. ಎರಡನೆಯ ಮಹಾಯುದ್ಧದ ತರುವಾಯ ನ್ಯೂಯಾರ್ಕಿನ ಕಾಮಗಾರಿಗಳ ಸರ್ವಾಧಿಕಾರಿಯಂತಿದ್ದ ರಾಬರ್ಟ್ ಮೋಸಸ್, ಜನವಸತಿಯ ನಡುವೆಯೇ ಕ್ರಾಸ್ ಬ್ರಾಂಕ್ಸ್ ಹೆದ್ದಾರಿಯನ್ನು ಕೊರೆದ. 1948ರಲ್ಲಿ ಆರಂಭವಾದ ಕಾಮಗಾರಿ 1963ರವರೆಗೂ ನಡೆಯಿತು. ಈಸ್ಟ್ ಟ್ರೆಮಾಂಟ್ ಬಡಾವಣೆಯ ಕೇವಲ ಒಂದು ಮೈಲಿ ಉದ್ದದಲ್ಲಿ 1,530 ಕುಟುಂಬಗಳು ಮನೆ ಬಿಡಬೇಕಾಯಿತು. ಹೆದ್ದಾರಿಯನ್ನು ಎರಡು ಬೀದಿಯಷ್ಟು ಪಕ್ಕಕ್ಕೆ ಸರಿಸಿದ್ದರೆ ಆ ಮನೆಗಳಲ್ಲಿ ಬಹುಪಾಲು ಉಳಿಯುತ್ತಿದ್ದವು ಎಂಬುದನ್ನು ರಾಬರ್ಟ್ ಕ್ಯಾರೊ ತನ್ನ 1974ರ ಗ್ರಂಥ ‘ದಿ ಪವರ್ ಬ್ರೋಕರ್’ನಲ್ಲಿ ತೋರಿಸಿದ್ದಾನೆ. ಅನುಕೂಲಸ್ಥರು ಉಪನಗರಗಳಿಗೆ ಹೋದರು. ಕಪ್ಪು ಜನರು ಮತ್ತು ಪೋರ್ಟೊರಿಕೋದಿಂದ ಬಂದವರು ಉಳಿದರು. ಬ್ಯಾಂಕುಗಳು ಸಾಲ ಕೊಡುವುದನ್ನು ನಿಲ್ಲಿಸಿದವು. ಬಾಡಿಗೆಗಿಂತ ವಿಮೆಯ ಹಣವೇ ಲಾಭಕರವೆಂದು ಕಂಡ ಕೆಲವು ಮಾಲೀಕರು ತಮ್ಮ ಕಟ್ಟಡಗಳಿಗೆ ತಾವೇ ಬೆಂಕಿ ಹಚ್ಚಿಸಿದರು.

ಅದೇ ಹೊತ್ತಿಗೆ ನಗರಾಡಳಿತ ಅಗ್ನಿಶಾಮಕ ಘಟಕಗಳನ್ನು ಮುಚ್ಚತೊಡಗಿತು. ಎಲ್ಲಿ ಮುಚ್ಚಬೇಕೆಂದು ಹೇಳಲು ರ‍್ಯಾಂಡ್ ಸಂಸ್ಥೆಯ ತಜ್ಞರ ಗಣಿತ ಮಾದರಿಗಳಿದ್ದವು. ಬೆಂಕಿಯ ಕರೆ ಬಂದ ಮೇಲೆ ವಾಹನ ಸ್ಥಳ ತಲುಪಲು ಎಷ್ಟು ನಿಮಿಷ ಹಿಡಿಯುತ್ತದೆ ಎಂಬ ಒಂದೇ ಅಳತೆಗೋಲನ್ನು ಆ ಮಾದರಿಗಳು ಮುಖ್ಯವಾಗಿ ನೆಚ್ಚಿದ್ದವು. ಘಟಕಗಳು ಒತ್ತಾಗಿದ್ದ ಬಡ ಬಡಾವಣೆಗಳಲ್ಲಿ ಒಂದೆರಡನ್ನು ತೆಗೆದರೆ ನಷ್ಟವಿಲ್ಲ ಎಂದು ಲೆಕ್ಕ ಹೇಳಿತು. ಅಲ್ಲಿ ಘಟಕಗಳು ಒತ್ತಾಗಿದ್ದುದಕ್ಕೆ ಕಾರಣ ಅಲ್ಲಿ ಬೆಂಕಿ ಹೆಚ್ಚು ಎಂಬುದನ್ನು ಲೆಕ್ಕ ಸರಿಯಾಗಿ ಹಿಡಿಯಲಿಲ್ಲ. 1975ರಲ್ಲಿ ನಗರ ದಿವಾಳಿಯ ಅಂಚಿಗೆ ಬಂತು. 1976ರಲ್ಲಿ ನಗರದ ವಸತಿ ಆಡಳಿತದ ಮುಖ್ಯಸ್ಥನಾಗಿದ್ದ ರೋಜರ್ ಸ್ಟಾರ್, ಹೇಗೂ ಕ್ಷೀಣಿಸುತ್ತಿರುವ ಬಡಾವಣೆಗಳಿಂದ ಸೇವೆಗಳನ್ನು ಹಿಂತೆಗೆದುಕೊಂಡು ಅವುಗಳನ್ನು ‘ಯೋಜಿತವಾಗಿ ಕುಗ್ಗಿಸುವ’ ನೀತಿಯನ್ನು ಬಹಿರಂಗವಾಗಿಯೇ ಪ್ರತಿಪಾದಿಸಿದ. 1970 ಮತ್ತು 1980ರ ಜನಗಣತಿಗಳ ನಡುವೆ ಬ್ರಾಂಕ್ಸಿನ ಜನಸಂಖ್ಯೆ 14.7 ಲಕ್ಷದಿಂದ 11.7 ಲಕ್ಷಕ್ಕೆ ಇಳಿಯಿತು. ಏಳು ಗಣತಿ ವಲಯಗಳು ತಮ್ಮ ಕಟ್ಟಡಗಳಲ್ಲಿ ಶೇ 97ಕ್ಕಿಂತ ಹೆಚ್ಚನ್ನು ಬೆಂಕಿಗೆ ಮತ್ತು ಪಾಳುಬೀಳುವಿಕೆಗೆ ಕಳೆದುಕೊಂಡವು.

ಆಡಳಿತದ ಮೇಜಿನ ಈಚೆ ಬದಿಯಲ್ಲಿ ದಶಕಗಳನ್ನು ಕಳೆದ ನನಗೆ ಈ ಕಥೆಯಲ್ಲಿ ಹೆಚ್ಚು ಕಸಿವಿಸಿ ಉಂಟುಮಾಡುವುದು ದುಷ್ಟ ಮಾಲೀಕರ ಪಾತ್ರವಲ್ಲ, ಕಡತದ ಪಾತ್ರ. ಆ ಕಡತಗಳಲ್ಲಿ ತರ್ಕದೋಷ ಸುಲಭವಾಗಿ ಕಾಣುವುದಿಲ್ಲ. ಮಿತವ್ಯಯದ ಒತ್ತಡ ನಿಜ, ಅಂಕಿಗಳು ನಿಜ, ಟಿಪ್ಪಣಿ ಬರೆದವರು ಓದಿದವರು. ಅಂಥ ಟಿಪ್ಪಣಿ ನನ್ನ ಮುಂದೆ ಬಂದಿದ್ದರೆ ನಾನೂ ‘ಅನುಮೋದಿಸಿದೆ’ ಎಂದು ಬರೆದು ಸಹಿ ಹಾಕುತ್ತಿದ್ದೆನೇನೋ. ಕಡತಕ್ಕೆ ಕಾಣದೆ ಹೋದದ್ದನ್ನು ಕಂಡದ್ದು ಕ್ಯಾಮೆರಾ. ಆದ್ದರಿಂದಲೇ ಈ ಚಿತ್ರಗಳನ್ನು ಅರ್ಥಶಾಸ್ತ್ರದ, ಸಾರ್ವಜನಿಕ ಆಡಳಿತದ ವಿದ್ಯಾರ್ಥಿಗಳೂ ನೋಡಬೇಕೆಂದು ನಾನು ಹೇಳುವುದು.

ಎಲ್ಲ ಕ್ಯಾಮೆರಾಗಳೂ ಒಂದೇ ರೀತಿಯಲ್ಲಿ ಕಂಡವೆಂದಲ್ಲ. 1977ರ ಅಕ್ಟೋಬರ್ 5ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಬ್ರಾಂಕ್ಸಿನ ಷಾರ್ಲಟ್ ಬೀದಿಯ ಅವಶೇಷಗಳ ನಡುವೆ ನಡೆದಾಗ ಸುದ್ದಿ ಕ್ಯಾಮೆರಾಗಳು ಹಿಂಬಾಲಿಸಿದವು. ಒಂದು ವಾರದ ಬಳಿಕ ಯಾಂಕೀ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಪಂದ್ಯ ನಡೆಯುತ್ತಿದ್ದಾಗ, ಸಮೀಪದ ಕಟ್ಟಡವೊಂದು ಉರಿಯುವುದನ್ನು ಆಕಾಶದಿಂದ ಹಿಡಿದ ಕ್ಯಾಮೆರಾ ದೇಶಕ್ಕೆಲ್ಲ ತೋರಿಸಿತು. ಬ್ರಾಂಕ್ಸ್ ಹೊತ್ತಿ ಉರಿಯುತ್ತಿದೆ ಎಂದು ವೀಕ್ಷಕವಿವರಣೆಕಾರ ಹೊವರ್ಡ್ ಕೊಸೆಲ್ ಅಂದು ಉದ್ಗರಿಸಿದನೆಂಬುದು ಎಲ್ಲರ ನೆನಪು. ಆ ಪ್ರಸಾರದ ಮುದ್ರಿಕೆಯನ್ನು ಕೇಳಿ ನೋಡಿದರೆ ಜನಜನಿತವಾದ ಆ ಮಾತು ಅದರಲ್ಲಿಲ್ಲ. ಮೂಲ ದಾಖಲೆ ಉಳಿದಿರುವುದರಿಂದ ಇದು ತಿಳಿಯಿತು. ದಾಖಲೆ ಅಳಿದಿದ್ದರೆ ದಂತಕಥೆಯೇ ಇತಿಹಾಸವಾಗುತ್ತಿತ್ತು.

ದೂರದಿಂದ ನೋಡಿದ ಆ ಚಿತ್ರಗಳಲ್ಲಿ ಬೆಂಕಿಯಿದೆ, ಇಟ್ಟಿಗೆ ರಾಶಿಯಿದೆ, ಜನರಿಲ್ಲ. ಹತ್ತಿರ ಹೋಗಿ ನೋಡಿದವರು ಕೆಲವರೇ. ಬ್ರಾಂಕ್ಸಿನ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದ ರೀಟಾ ಫೆಚರ್, ಎಪ್ಪತ್ತರ ದಶಕದ ಆರಂಭದಲ್ಲಿ ತನ್ನ ಸುತ್ತಲಿದ್ದ ಪುಂಡ ತಂಡಗಳ ತರುಣರನ್ನು ಚಿತ್ರೀಕರಿಸಿಕೊಂಡಳು. ಎರಡು ದಶಕಗಳ ಬಳಿಕ ಅದೇ ವ್ಯಕ್ತಿಗಳನ್ನು ಮತ್ತೆ ಹುಡುಕಿ ಮಾತನಾಡಿಸಿ, ಹೆನ್ರಿ ಚಾಲ್ಫಂಟ್ ಜೊತೆಗೂಡಿ 1993ರಲ್ಲಿ ‘ಫ್ಲೈಯಿನ್ ಕಟ್ ಸ್ಲೀವ್ಸ್’ ಎಂಬ ಚಿತ್ರವನ್ನು ರೂಪಿಸಿದಳು. 1971ರ ಡಿಸೆಂಬರ್ 2ರಂದು ಶಾಂತಿ ಮಾಡಿಸಲು ಹೋಗಿದ್ದ ‘ಘೆಟ್ಟೊ ಬ್ರದರ್ಸ್’ ತಂಡದ ಬ್ಲ್ಯಾಕ್ ಬೆಂಜಿ ಎಂಬ ಯುವಕನ ಕೊಲೆಯಾಯಿತು. ಸೇಡಿಗೆ ಸೇಡು ಎಂಬ ರೂಢಿಯನ್ನು ಬದಿಗಿಟ್ಟ ಅವನ ಸಂಗಡಿಗರು, ಡಿಸೆಂಬರ್ 8ರಂದು ಹೋ ಅವೆನ್ಯೂದ ಬಾಲಕರ ಸಂಘದಲ್ಲಿ ಎಲ್ಲ ತಂಡಗಳ ಶಾಂತಿಸಭೆ ಕರೆದರು. ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಡಲಾಗದಿದ್ದ ಕಾಲ ಆಮೇಲೆ ಸಡಿಲವಾಯಿತು. ಬೇರೆ ಬೇರೆ ಬೀದಿಯ ಹುಡುಗರು ಒಂದೇ ಕುಣಿತದ ಕೂಟಕ್ಕೆ ಬರಲು ಅದು ಹಾದಿ ಮಾಡಿತು. ಆ ಶಾಂತಿಯಿಲ್ಲದಿದ್ದರೆ ಹರ್ಕ್‌ನ ಕೂಟಗಳಿಗೆ ಊರಿನ ನಾನಾ ಮೂಲೆಗಳಿಂದ ಜನ ಬರುತ್ತಿರಲಿಲ್ಲ. ಸರ್ಕಾರದ ಯಾವ ವರದಿಗಿಂತಲೂ ಚೆನ್ನಾಗಿ ಈ ಸಂಬಂಧವನ್ನು ತಿಳಿಸಿಕೊಡುವುದು ಆ ತರುಣರ ಮುಖ ಮತ್ತು ಮಾತು.

1979ರಲ್ಲಿ ಗ್ಯಾರಿ ವೈಸ್ ‘80 ಬ್ಲಾಕ್ಸ್ ಫ್ರಮ್ ಟಿಫನೀಸ್’ ಎಂಬ ಚಿತ್ರ ಮಾಡಿದ. ಟಿಫನಿ ಎಂಬುದು ಮ್ಯಾನ್‌ಹಟನ್ನಿನ ಹೆಸರಾಂತ ವಜ್ರಾಭರಣ ಮಳಿಗೆ. ಅಲ್ಲಿಂದ ಎಂಬತ್ತು ಬೀದಿ ದಾಟಿದರೆ ಸಿಗುವ ಇನ್ನೊಂದು ಲೋಕದ ಕಥೆ ಇದು. ದೂರದರ್ಶನಕ್ಕೆಂದೇ ತಯಾರಾದರೂ ಪ್ರಸಾರವಾಗದ ಈ ಚಿತ್ರ ವರ್ಷಗಟ್ಟಲೆ ನಕಲು ವಿಡಿಯೊ ಟೇಪುಗಳ ಮೂಲಕವೇ ಕೈಯಿಂದ ಕೈಗೆ ದಾಟಿತು.

ನಾಜಿ ಜರ್ಮನಿಯಿಂದ ಬಾಲ್ಯದಲ್ಲೇ ಕುಟುಂಬದೊಡನೆ ಪಾರಾಗಿ ಬಂದಿದ್ದ ಮ್ಯಾನಿ ಕರ್ಕ್‌ಹೈಮರ್ ‘ಸ್ಟೇಷನ್ಸ್ ಆಫ್ ದಿ ಎಲಿವೇಟೆಡ್’ ಚಿತ್ರವನ್ನು ತಯಾರಿಸಿದ. ಕೇವಲ 45 ನಿಮಿಷದ ಚಿತ್ರ. ನಿರೂಪಣೆಯ ಮಾತು ಒಂದೂ ಇಲ್ಲ. ಹುಡುಗರು ಬಣ್ಣ ಬಳಿದ ರೈಲು ಬೋಗಿಗಳು ಎತ್ತರದ ಹಳಿಗಳ ಮೇಲೆ ಹಾದುಹೋಗುತ್ತವೆ. ಅವುಗಳ ಪಕ್ಕದಲ್ಲಿ ಸಿಗರೇಟು, ಮದ್ಯ ಮತ್ತಿತರ ಸರಕುಗಳ ದೈತ್ಯ ಜಾಹೀರಾತು ಫಲಕಗಳು. ಹಿನ್ನೆಲೆಯಲ್ಲಿ ಚಾರ್ಲ್ಸ್ ಮಿಂಗಸ್‌ನ ಜಾಜ್ ಸಂಗೀತ. ಹಣ ಕೊಟ್ಟು ಊರಿನ ಗೋಡೆಗಳನ್ನು ಆವರಿಸುವುದು ವ್ಯಾಪಾರ, ಹಣವಿಲ್ಲದೆ ಆವರಿಸುವುದು ಅಪರಾಧ. ಈ ಗೆರೆಯನ್ನು ಎಳೆದವರಾರು ಎಂಬ ಪ್ರಶ್ನೆ ನೋಡುಗನ ಮನಸ್ಸಿನಲ್ಲಿ ತಾನಾಗಿ ಏಳುತ್ತದೆ. 1981ರ ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ತೋರಿಸಲಾದ ಈ ಚಿತ್ರ ಚಿತ್ರಮಂದಿರಗಳಿಗೆ ಸರಿಯಾಗಿ ಬಂದುದು 2014ರಲ್ಲಿ. ಮೂರು ದಶಕಗಳು!

ಇವೆಲ್ಲವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಟೋನಿ ಸಿಲ್ವರ್ ನಿರ್ದೇಶಿಸಿದ, ಹೆನ್ರಿ ಚಾಲ್ಫಂಟ್ ಸಹನಿರ್ಮಾಣದ ‘ಸ್ಟೈಲ್ ವಾರ್ಸ್’, 1983ರ ಚಿತ್ರ. ಚಾಲ್ಫಂಟ್ ಮೂಲತಃ ಶಿಲ್ಪಿ. ಹುಡುಗರು ರಾತ್ರೋರಾತ್ರಿ ಬಣ್ಣ ಬಳಿದ ಬೋಗಿಗಳು ಅಳಿಸಿಹೋಗುವ ಮುನ್ನ ಅವುಗಳ ಛಾಯಾಚಿತ್ರ ತೆಗೆಯುವುದನ್ನು ವ್ರತದಂತೆ ನಡೆಸಿಕೊಂಡು ಬಂದವನು. ಚಿತ್ರದ ದೊಡ್ಡ ಗುಣ ಅದರ ನ್ಯಾಯಬುದ್ಧಿ. ಗ್ರಾಫಿಟಿಯನ್ನು ಕಟುವಾಗಿ ಖಂಡಿಸುವ ಮೇಯರ್ ಎಡ್ ಕಾಚ್‌ಗೆ ಅಲ್ಲಿ ಮಾತನಾಡಲು ಅವಕಾಶವಿದೆ. ರೈಲ್ವೆ ಅಧಿಕಾರಿಗಳಿಗೆ, ಪೊಲೀಸರಿಗೆ, ಬೇಸತ್ತ ಪ್ರಯಾಣಿಕರಿಗೆ ಅವಕಾಶವಿದೆ. ಅಡುಗೆಮನೆಯಲ್ಲಿ ಕುಳಿತು ತನ್ನ ಮಗನ ಈ ಹುಚ್ಚಿನಿಂದ ಯಾರಿಗೇನು ಪ್ರಯೋಜನ ಎಂದು ಕೇಳುವ ತಾಯಿ ಇದ್ದಾಳೆ. ಪಕ್ಕದಲ್ಲೇ ಅವಳಿಗೆ ಉತ್ತರ ಹೇಳಲು ಹೆಣಗುವ ಮಗನಿದ್ದಾನೆ. ಒಂದೇ ಕೈಯ ಕೇಸ್ 2 ಎಂಬ ಯುವಕ ತಾನು ಕಂಡುಕೊಂಡ ಅಕ್ಷರಶೈಲಿಯನ್ನು ಪ್ರಾಧ್ಯಾಪಕನ ಗಾಂಭೀರ್ಯದಿಂದ ವಿವರಿಸುತ್ತಾನೆ. ಇತರರ ಚಿತ್ರಗಳ ಮೇಲೆ ತನ್ನ ಹೆಸರನ್ನು ಗೀಚಿ ಕೆಡಿಸುವ ಕ್ಯಾಪ್ ಎಂಬವನೂ ಇದ್ದಾನೆ. ಅವನಿಂದಾಗಿ, ಕಾನೂನಿಲ್ಲದ ಲೋಕಕ್ಕೂ ತನ್ನದೇ ಆದ ನ್ಯಾಯ ಮತ್ತು ಅಪರಾಧದ ಕಲ್ಪನೆ ಇರುತ್ತದೆಂಬುದು ಸ್ಪಷ್ಟವಾಗುತ್ತದೆ. ಪ್ರೇಕ್ಷಕ ಯಾರ ಪರ ನಿಲ್ಲಬೇಕೆಂದು ಚಿತ್ರ ಹೇಳುವುದಿಲ್ಲ. 1984ರಲ್ಲಿ ಇಂದಿನ ಸನ್‌ಡ್ಯಾನ್ಸ್ ಉತ್ಸವದ ಪೂರ್ವರೂಪವಾಗಿದ್ದ ಅಮೆರಿಕದ ಚಿತ್ರೋತ್ಸವದಲ್ಲಿ ಅದಕ್ಕೆ ಸಾಕ್ಷ್ಯಚಿತ್ರದ ಪರಮೋಚ್ಚ ಪ್ರಶಸ್ತಿ ದೊರೆಯಿತು.

ಹೊರದೇಶದವರೂ ಬಂದರು. 1984ರಲ್ಲಿ ಡಿಕ್ ಫಾಂಟೇನ್ ಬಿಬಿಸಿಗಾಗಿ ‘ಬೀಟ್ ದಿಸ್’ ಮಾಡಿದ. 1986ರಲ್ಲಿ ಬ್ರಾಮ್ ವಾನ್ ಸ್ಪ್ಲುಂಟೆರೆನ್ ಡಚ್ ದೂರದರ್ಶನಕ್ಕಾಗಿ ‘ಬಿಗ್ ಫನ್ ಇನ್ ದಿ ಬಿಗ್ ಟೌನ್’ ಮಾಡಿದ. ಅಜ್ಜಿಯ ಮನೆಯಲ್ಲಿದ್ದ ಎಲ್ಎಲ್ ಕೂಲ್ ಜೆ ಎಂಬ ತರುಣ ಅದರಲ್ಲಿ ಕಾಣಿಸುತ್ತಾನೆ. ನೆದರ್ಲೆಂಡ್ಸಿನಾಚೆ ಹೆಚ್ಚಿನವರು ಆ ಚಿತ್ರವನ್ನು ನೋಡುವಂತಾದದ್ದು 2012ರಲ್ಲಿ ಅದು ಡಿವಿಡಿಯಾಗಿ ಬಂದ ಮೇಲೆ.

ಇಲ್ಲೊಂದು ಆಕ್ಷೇಪವನ್ನು ಎದುರಿಸಲೇಬೇಕು. ಸಾರ್ವಜನಿಕ ಆಸ್ತಿಯನ್ನು ಹಾಳುಗೆಡವಿದವರನ್ನು ಕಲಾವಿದರೆಂದು ಮೆರೆಸುವುದು ಸರಿಯೇ? ತೆರಿಗೆದಾರನ ಹಣದಿಂದ ನಡೆಯುವ ಸಂಸ್ಥೆಗಳು ಅಂಥ ಚಿತ್ರಗಳನ್ನು ಏಕೆ ತೋರಿಸಬೇಕು? ಪ್ರಶ್ನೆ ನ್ಯಾಯವಾದದ್ದೇ. ಬಣ್ಣ ಬಳಿದ ಬೋಗಿಯಲ್ಲಿ ಕಿಟಕಿಯಾಚೆ ನಿಲ್ದಾಣದ ಹೆಸರು ಕಾಣದೆ ಪರದಾಡಿದ ವೃದ್ಧೆಯ ಸಂಕಟ ಕಲ್ಪನೆಯಲ್ಲ. ನಗರದ ಸಾರಿಗೆ ಪ್ರಾಧಿಕಾರ 1984ರಿಂದ ಬೋಗಿಗಳನ್ನು ಶುಚಿಗೊಳಿಸುವ ಅಭಿಯಾನ ನಡೆಸಿ, 1989ರ ಮೇ 12ರಂದು ಗ್ರಾಫಿಟಿಯಿದ್ದ ಕೊನೆಯ ಬೋಗಿಯನ್ನು ಸಂಚಾರದಿಂದ ತೆಗೆಯಿತು. ಅದು ಆಡಳಿತದ ದೃಷ್ಟಿಯಿಂದ ಸಾಧನೆಯೇ. ಆದರೆ ಒಂದು ಕೃತ್ಯವನ್ನು ತಡೆಯುವುದು ಬೇರೆ, ಅದರ ನೆನಪನ್ನು ಅಳಿಸುವುದು ಬೇರೆ. ಪ್ರಾಧಿಕಾರದ ಶುಚಿತ್ವ ಪೂರ್ಣವಾದ ಕಾರಣದಿಂದಲೇ ಆ ಬೋಗಿಗಳು ಇಂದು ಉಳಿದಿರುವುದು ಈ ಚಿತ್ರಗಳಲ್ಲಿ, ಚಾಲ್ಫಂಟ್ ಮತ್ತು ಮಾರ್ಥಾ ಕೂಪರ್ ಅವರ ಛಾಯಾಚಿತ್ರಗಳಲ್ಲಿ ಮಾತ್ರ. ಅಪರಾಧವೆಂದೇ ತಿಳಿಯುವವನಿಗೂ ಸಾಕ್ಷ್ಯ ಬೇಕಲ್ಲವೇ? ಇನ್ನು, ಕಾನೂನಿನ ಅಭಿಪ್ರಾಯವೂ ನಿಂತ ನೀರಲ್ಲ. 2013ರಲ್ಲಿ ಕ್ವೀನ್ಸ್ ಭಾಗದ ‘5 ಪಾಯಿಂಟ್ಸ್’ ಕಟ್ಟಡದ ಮಾಲೀಕ ಅಲ್ಲಿನ ಗೋಡೆಚಿತ್ರಗಳ ಮೇಲೆ ಸುಣ್ಣ ಬಳಿಸಿದಾಗ, ಅವು ಅವನ ಅನುಮತಿಯಿಂದಲೇ ಬಿಡಿಸಿದವಾಗಿದ್ದುದರಿಂದ, 21 ಕಲಾವಿದರಿಗೆ 67 ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ಕೊಡಬೇಕೆಂದು 2018ರಲ್ಲಿ ಫೆಡರಲ್ ನ್ಯಾಯಾಲಯ ಆದೇಶಿಸಿತು. ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಹಾಗಾದರೆ ಈ ಚಿತ್ರಗಳು ವಿರಳವಾಗಿರುವುದೇಕೆ? ಮೂರು ಕಾರಣಗಳಿವೆ. ಮೊದಲನೆಯದು ಭೌತಿಕ. 16 ಮಿಲಿಮೀಟರ್ ಬಣ್ಣದ ಫಿಲ್ಮು ಮಾಸುತ್ತದೆ, ಆಮ್ಲವಾಸನೆ ಹಿಡಿಯುತ್ತದೆ. ವಿಡಿಯೊ ಟೇಪಿನ ಆಯುಸ್ಸು ಇನ್ನೂ ಕಡಿಮೆ; ಅದನ್ನು ಓದುವ ಯಂತ್ರಗಳೂ ಮಾಯವಾಗುತ್ತಿವೆ. ಎರಡನೆಯದು ಅಸಡ್ಡೆ. ಬಡವರ ಮಕ್ಕಳ ಬೀದಿ ಕುಣಿತಕ್ಕೆ ಚಾರಿತ್ರಿಕ ಬೆಲೆಯಿದೆ ಎಂದು ಪ್ರಸಾರ ಸಂಸ್ಥೆಗಳಿಗೆ ಅನಿಸಲಿಲ್ಲ. 1969ರ ಹಾರ್ಲೆಮ್ ಸಾಂಸ್ಕೃತಿಕ ಉತ್ಸವವನ್ನು ಹಾಲ್ ಟುಲ್ಚಿನ್ ಚಿತ್ರೀಕರಿಸಿದ್ದ. ಕೊಳ್ಳುವವರಿಲ್ಲದೆ ಅದು ಸುಮಾರು ಐವತ್ತು ವರ್ಷ ನೆಲಮಾಳಿಗೆಯಲ್ಲಿತ್ತು. ಅದರಿಂದಲೇ ತಯಾರಾದ ‘ಸಮ್ಮರ್ ಆಫ್ ಸೋಲ್’ 2022ರಲ್ಲಿ ಆಸ್ಕರ್ ಪಡೆಯಿತು. ಸರಕು ಐವತ್ತು ವರ್ಷವೂ ಅದೇ ಆಗಿತ್ತು. ಬದಲಾದದ್ದು ಕೊಳ್ಳುವವರ ಕಣ್ಣು.

ಮೂರನೆಯ ಕಾರಣ ಹಕ್ಕುಸ್ವಾಮ್ಯ. ಇದು ಹೆಚ್ಚು ಜಟಿಲ. ಚಿತ್ರದಲ್ಲಿ ಒಂದು ಧ್ವನಿಮುದ್ರಿತ ಹಾಡು ಕೇಳಿಬಂದರೆ, ರಚನೆಯ ಹಕ್ಕುದಾರ ಮತ್ತು ಧ್ವನಿಮುದ್ರಣದ ಹಕ್ಕುದಾರ ಇಬ್ಬರ ಅನುಮತಿಯೂ ಬೇಕು. ಕಡಿಮೆ ಬಂಡವಾಳದ ಸಾಕ್ಷ್ಯಚಿತ್ರಕಾರ ಕೆಲವು ವರ್ಷಗಳ ಮಟ್ಟಿಗೆ, ದೂರದರ್ಶನಕ್ಕೆ ಮಾತ್ರ ಸೀಮಿತವಾದ ಅನುಮತಿಯನ್ನು ಕೊಳ್ಳುತ್ತಾನೆ. ಅವಧಿ ಮುಗಿದರೆ ಚಿತ್ರವೇ ಮುಗಿದಂತೆ. ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಪ್ರಮಾಣಭೂತ ಚರಿತ್ರೆಯೆನಿಸಿದ ‘ಐಸ್ ಆನ್ ದಿ ಪ್ರೈಜ್’ ಸರಣಿಗೇ ಈ ಗತಿ ಒದಗಿತ್ತು. 1987ರಲ್ಲಿ ಆರಂಭವಾದ ಆ ಸರಣಿಯ ಅನುಮತಿಗಳು ಲುಪ್ತವಾಗಿ, ವರ್ಷಗಟ್ಟಲೆ ಅದು ಪ್ರಸಾರಕ್ಕೆ ಅನರ್ಹವಾಗಿತ್ತು. ಫೋರ್ಡ್ ಪ್ರತಿಷ್ಠಾನ ಮುಂತಾದವರ ನೆರವಿನಿಂದ ಮತ್ತೆ ಹಕ್ಕು ಖರೀದಿಸಿದ ಮೇಲಷ್ಟೇ 2006ರಲ್ಲಿ ಮರುಪ್ರಸಾರವಾಯಿತು. ಹಳೆಯ ತಟ್ಟೆಗಳ ತುಣುಕುಗಳನ್ನೇ ಜೋಡಿಸಿ ಹೊಸ ಸಂಗೀತ ಕಟ್ಟುವ ಹಿಪ್ ಹಾಪ್‌ಗೆ ಸಂಬಂಧಿಸಿದ ಚಿತ್ರದಲ್ಲಂತೂ ಹಕ್ಕುದಾರರ ಸಂಖ್ಯೆ ಇಮ್ಮಡಿ, ಮುಮ್ಮಡಿ. 1998ರಲ್ಲಿ ಅಮೆರಿಕ ಸಂಸ್ಥೆಗಳ ಒಡೆತನದ ಕೃತಿಗಳಿಗೆ ಹಕ್ಕಿನ ಅವಧಿಯನ್ನು 95 ವರ್ಷಕ್ಕೆ ವಿಸ್ತರಿಸಿತು. 1983ರ ಅಂಥ ಕೃತಿಯೊಂದು ಸಾರ್ವಜನಿಕ ಸ್ವತ್ತಾಗುವುದು 2078 ಮುಗಿದ ಮೇಲೆ. ಅದರ ನೆಗೆಟಿವ್ ಅಷ್ಟು ಕಾಲ ಕಾಯುವುದೇ?

ಒಂದು ಸಂಪನ್ಮೂಲಕ್ಕೆ ಒಡೆಯರೇ ಇಲ್ಲದಿದ್ದರೆ ಅದು ಅತಿಬಳಕೆಯಿಂದ ಹಾಳಾಗುತ್ತದೆ ಎಂಬ ಪಾಠವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಗೋಮಾಳದ ಉದಾಹರಣೆ ನಮಗೆ ಚಿರಪರಿಚಿತ. ಒಡೆಯರು ವಿಪರೀತವಾದರೆ ಯಾರೂ ಬಳಸಲಾಗದೆ ಹಾಳಾಗುತ್ತದೆ ಎಂಬ ವಿಲೋಮ ಪಾಠವನ್ನು 1998ರಲ್ಲಿ ಮೈಕೆಲ್ ಹೆಲರ್ ಎಂಬ ಕಾನೂನು ವಿದ್ವಾಂಸ ಮುಂದಿಟ್ಟ. ಈ ಸಾಕ್ಷ್ಯಚಿತ್ರಗಳ ಪರಿಸ್ಥಿತಿಗೆ ಅದು ಸರಿಯಾಗಿ ಹೊಂದುತ್ತದೆ. ಪ್ರತಿಯೊಬ್ಬ ಹಕ್ಕುದಾರನಿಗೂ ತಡೆಯುವ ಶಕ್ತಿಯಿದೆ. ತೋರಿಸುವ ಶಕ್ತಿ ಒಬ್ಬನಿಗೂ ಇಲ್ಲ. ಹಲವು ವೇಳೆ ಅನುಮತಿ ಪಡೆಯಲು ತಗಲುವ ವಕೀಲರ ಖರ್ಚು, ಪ್ರದರ್ಶನದಿಂದ ಬರುವ ಆದಾಯಕ್ಕಿಂತ ಹೆಚ್ಚು.

ಆದರೆ ಇದನ್ನು ಹಕ್ಕುಸ್ವಾಮ್ಯದ ವಿರುದ್ಧದ ವಾದವೆಂದು ತಿಳಿಯಬಾರದು. ಹಕ್ಕಿನ ರಕ್ಷಣೆ ಸಿಗದೆ ನೊಂದವರೂ ಬಡ ಕಲಾವಿದರೇ. ‘ದಿ ವಿನ್‌ಸ್ಟನ್ಸ್’ ತಂಡದ ಗ್ರೆಗರಿ ಕೋಲ್ಮನ್ 1969ರಲ್ಲಿ ನುಡಿಸಿದ ಕೆಲವೇ ಸೆಕೆಂಡುಗಳ ಡ್ರಮ್ ತುಣುಕು ಸಾವಿರಾರು ಹಾಡುಗಳಲ್ಲಿ ಮರುಬಳಕೆಯಾಯಿತು. ಅವನಿಗೆ ಬಿಡಿಗಾಸೂ ಸಿಗಲಿಲ್ಲ. 2006ರಲ್ಲಿ ಅವನು ನಿರ್ವಸಿತನಾಗಿ ತೀರಿಕೊಂಡ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ 24,000 ಪೌಂಡ್ ಕೊಟ್ಟರು. ಹೀಗೆ ನುಡಿಸಿದವನಿಗೆ ಹಣ ತಲುಪಿಸಲು ವಿಫಲವಾದ ಅದೇ ವ್ಯವಸ್ಥೆ, ನೋಡುವವನನ್ನು ತಡೆಯುವುದರಲ್ಲಿ ಮಾತ್ರ ಸಫಲವಾಗಿದೆ. ಸರಿಪಡಿಸಬೇಕಾದದ್ದು ಈ ವೈಪರೀತ್ಯವನ್ನು.

ಪರಿಹಾರಗಳು ಅಸಾಧ್ಯವೇನಲ್ಲ. ಲಾಭೋದ್ದೇಶವಿಲ್ಲದ ಗ್ರಂಥಾಲಯ, ವಸ್ತುಸಂಗ್ರಹಾಲಯ, ಫಿಲ್ಮ್ ಸೊಸೈಟಿಗಳು ನಿಗದಿತ ಅಲ್ಪ ಶುಲ್ಕವನ್ನು ಒಂದೆಡೆ ಕಟ್ಟಿ ಹಳೆಯ ಸಾಕ್ಷ್ಯಚಿತ್ರಗಳನ್ನು ತೋರಿಸುವ ಸಾಮೂಹಿಕ ಪರವಾನಗಿ ಜಾರಿಗೆ ಬರಬೇಕು. ಆ ಶುಲ್ಕ ಸಂಗೀತಗಾರರಿಗೂ ಚಿತ್ರದಲ್ಲಿ ಕಾಣಿಸಿಕೊಂಡವರಿಗೂ ಹಂಚಿಕೆಯಾಗಬೇಕು. ಹಕ್ಕುದಾರರು ಪತ್ತೆಯಾಗದ ‘ಅನಾಥ ಕೃತಿ’ಗಳ ಬಗ್ಗೆ ಯೂರೋಪ್ ಒಕ್ಕೂಟ 2012ರಲ್ಲೇ ನಿರ್ದೇಶನ ಹೊರಡಿಸಿತು. ಅಮೆರಿಕದಲ್ಲಿ 2006 ಮತ್ತು 2008ರ ಮಸೂದೆಗಳು ಬಿದ್ದುಹೋದವು; ಆ ಪ್ರಯತ್ನ ಮತ್ತೆ ಜೀವ ಪಡೆಯಬೇಕು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 31ಎ ಕಲಮು ಹಕ್ಕುದಾರ ಪತ್ತೆಯಾಗದ ಕೃತಿಗಳಿಗೆ ಪರವಾನಗಿ ಕೋರಲು ಅವಕಾಶ ಕೊಟ್ಟಿದೆ. ಚಲನಚಿತ್ರದ ಹಕ್ಕಿನ ಅವಧಿಯೂ ನಮ್ಮಲ್ಲಿ 60 ವರ್ಷ ಮಾತ್ರ. ಈ ವಿಷಯದಲ್ಲಿ ನಮ್ಮ ಕಾನೂನು ಹೆಚ್ಚು ವಿವೇಕದ್ದು.

ಅಂತರಜಾಲದಲ್ಲಿ ಮಸುಕು ನಕಲುಗಳು ಸಿಗುವಾಗ ಪ್ರದರ್ಶನದ ಹಂಗೇಕೆ ಎಂದು ಕೇಳಬಹುದು. ಒಬ್ಬನೇ ಕೈಫೋನಿನಲ್ಲಿ ನೋಡಿದಾಗ ಅದು ಮನರಂಜನೆ; ನೂರು ಜನ ಒಟ್ಟಾಗಿ ಕುಳಿತು ನೋಡಿ, ದೀಪ ಹೊತ್ತಿದ ಮೇಲೆ ಮಾತನಾಡಿದಾಗ ಅದು ಸಾರ್ವಜನಿಕ ವಿಚಾರಣೆಯಾಗುತ್ತದೆ. ಚಿತ್ರದಲ್ಲಿದ್ದ ಹುಡುಗ ಈಗ ಅರವತ್ತು ದಾಟಿದ್ದಾನೆ. ಅವನು ಎದ್ದು ನಿಂತು ಅಲ್ಲಿ ತೋರಿಸಿದ್ದು ಹೀಗಲ್ಲ, ಹಾಗೆ ಎಂದು ತಿದ್ದಬಲ್ಲ. 2019ರಲ್ಲಿ ಬ್ರಾಂಕ್ಸ್ ಕಲಾ ಸಂಗ್ರಹಾಲಯ ಚಾಲ್ಫಂಟ್‌ನ ಕೆಲಸಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು; ಮ್ಯಾನ್‌ಹಟನ್ನಿನ ಶ್ರೀಮಂತ ಗ್ಯಾಲರಿಯ ಬದಲು ಬ್ರಾಂಕ್ಸಿನಲ್ಲೇ ಅದು ನಡೆದದ್ದು ಉಚಿತವಾಗಿತ್ತು. ಉರಿದ ಬೀದಿಗಳಲ್ಲೇ ಬೆಳೆದ ವಿವಿಯನ್ ವಾಸ್ಕೆಸ್ ಇರಿಜಾರಿ ಸಹನಿರ್ದೇಶಿಸಿದ ‘ಡೆಕೇಡ್ ಆಫ್ ಫೈರ್’ ಎಂಬ ಸಾಕ್ಷ್ಯಚಿತ್ರ ಅದೇ ವರ್ಷ ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ ಬಂತು. ಬ್ರಾಂಕ್ಸನ್ನು ಸುಟ್ಟವರು ಅಲ್ಲಿನ ನಿವಾಸಿಗಳೇ ಎಂಬ ದೀರ್ಘಕಾಲದ ಅಪವಾದಕ್ಕೆ ಅದು ನಿವಾಸಿಯ ಉತ್ತರ. ಹಳೆಯ ಚಿತ್ರತುಣುಕುಗಳು ಉಳಿದಿರದಿದ್ದರೆ ಅವಳ ಉತ್ತರಕ್ಕೆ ಬಲವೆಲ್ಲಿಂದ ಬರುತ್ತಿತ್ತು?

ನೆನಪಿನ ವ್ಯಾಪಾರೀಕರಣದ ಅಪಾಯವೂ ಇದೆ. 1520 ಸೆಡ್ಜ್‌ವಿಕ್ ಅವೆನ್ಯೂ ಚಾರಿತ್ರಿಕ ಸ್ಥಳವೆಂಬ ಮನ್ನಣೆಗೆ ಅರ್ಹವೆಂದು 2007ರಲ್ಲಿ ನ್ಯೂಯಾರ್ಕ್ ರಾಜ್ಯ ಹೇಳಿತು. ಅದೇ ಸಮಯದಲ್ಲಿ ಕಟ್ಟಡವನ್ನು ಮಧ್ಯಮ ಹಾಗೂ ಕಡಿಮೆ ಆದಾಯದವರ ಬಾಡಿಗೆ ನಿಯಂತ್ರಣ ಯೋಜನೆಯಿಂದ ಹೊರತರಲು ಮಾಲೀಕರು ಮುಂದಾಗಿದ್ದರು. ಬಾಡಿಗೆದಾರರು ಹೋರಾಡಬೇಕಾಯಿತು, ಕೂಲ್ ಹರ್ಕ್ ಅವರ ಜೊತೆ ನಿಂತ. ಆ ಮನ್ನಣೆಯನ್ನು ಅವರು ಬಯಸಿದ್ದು ಗೋಡೆಗೊಂದು ಫಲಕ ಹಾಕಿಸಲಿಕ್ಕಲ್ಲ; ತಮ್ಮ ಮನೆಗಳನ್ನು ಉಳಿಸಿಕೊಳ್ಳಲಿಕ್ಕೆ. ಚರಿತ್ರೆ ಬಡವನಿಗೆ ಉಪಯೋಗಕ್ಕೆ ಬರುವುದು ಹೀಗೆ. ದಾಖಲೆಯ ಒಡೆತನದ ಪ್ರಶ್ನೆ ಮನೆಯ ಒಡೆತನದ ಪ್ರಶ್ನೆಯಿಂದ ದೂರವಿಲ್ಲ.

ಇದೆಲ್ಲ ಕನ್ನಡಿಗರಿಗೇಕೆ ಎಂದು ಯಾರಾದರೂ ಕೇಳಿದರೆ, ನಮ್ಮ ಮನೆಯ ಕಡೆಗೊಮ್ಮೆ ನೋಡಬೇಕಾಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಇಂದು ಅದರ ಪ್ರತಿ ಇಲ್ಲ. ಭಾರತದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಆರಂಭವಾದದ್ದೇ 1964ರಲ್ಲಿ. 2003ರಲ್ಲಿ ಅಲ್ಲಿನ ಬೆಂಕಿಯಲ್ಲಿ ಹಳೆಯ ನೈಟ್ರೇಟ್ ಚಿತ್ರಗಳು ನಾಶವಾದವು. ಇನ್ನೊಂದು ನಂಟೂ ಉಂಟು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಸಂಘಟನೆ ತನ್ನ ಹೆಸರನ್ನು ಪಡೆದದ್ದು ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಹರ್ಕ್ ತಟ್ಟೆಗಳನ್ನು ತಿರುಗಿಸುತ್ತಿದ್ದ ಅದೇ ದಶಕದಲ್ಲಿ ಕರ್ನಾಟಕದ ದಲಿತ ಚಳವಳಿ ತಮಟೆಯೊಂದಿಗೆ ಹೋರಾಟದ ಹಾಡುಗಳನ್ನು ಊರೂರಿಗೆ ಒಯ್ದಿತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪುಸ್ತಕವಾಗಿ ಬಂದುದರಿಂದ ಪದಗಳು ಉಳಿದವು. ಆದರೆ ಹಾಡಿದ ಕೊರಳು, ಕೇಳಿದ ಕೇರಿ, ಜಾಥಾದ ಧೂಳು ಪುಸ್ತಕದಲ್ಲಿ ಹಿಡಿಯುವಂಥವಲ್ಲ. ಕವಿ 2021ರಲ್ಲಿ ನಮ್ಮನ್ನು ಅಗಲಿದರು. ಅಂದು ಜೊತೆಗೂಡಿ ಹಾಡಿದವರಿಗೂ ವಯಸ್ಸಾಗಿದೆ.

ಆದ್ದರಿಂದ ನಮ್ಮ ಚಲನಚಿತ್ರ ಅಕಾಡೆಮಿ, ವಿಶ್ವವಿದ್ಯಾಲಯಗಳು ಹಾಗೂ ಫಿಲ್ಮ್ ಸೊಸೈಟಿಗಳು ಎರಡು ಕೆಲಸ ಮಾಡಬಹುದು. ಬ್ರಾಂಕ್ಸಿನ ಈ ಚಿತ್ರಗಳನ್ನು ಕ್ರಮಬದ್ಧವಾಗಿ ಪರವಾನಗಿ ಪಡೆದು ಇಲ್ಲಿನ ಯುವಜನರಿಗೆ ತೋರಿಸಬಹುದು. ಕನ್ನಡದಲ್ಲಿ ರ‍್ಯಾಪ್ ಹಾಡುವ ತರುಣರಿಗೆ ತಾವು ಎರವಲು ಪಡೆದ ಶೈಲಿಯ ಹಿಂದಿನ ಸಂಕಟ ತಿಳಿಯಲಿ. ಜೊತೆಗೆ, ಎಪ್ಪತ್ತರ ಮತ್ತು ಎಂಬತ್ತರ ದಶಕದ ನಮ್ಮ ಚಳವಳಿಗಳ ಹಾಡುಗಾರರನ್ನು ಅವರವರ ಊರಿನಲ್ಲೇ, ಅವರ ಒಪ್ಪಿಗೆ ಮತ್ತು ಗೌರವಧನದೊಂದಿಗೆ ಚಿತ್ರೀಕರಿಸಿ, ಯಾರು ಬೇಕಾದರೂ ನೋಡಬಹುದಾದ ಕಡೆ ಇಡಬಹುದು. ಹಕ್ಕುಪತ್ರಗಳನ್ನು ಮೊದಲ ದಿನವೇ ಸರಿಯಾಗಿ ಬರೆದಿಟ್ಟರೆ ಮುಂದಿನ ತಲೆಮಾರಿಗೆ ಬ್ರಾಂಕ್ಸಿನ ಚಿತ್ರಗಳಿಗೆ ಒದಗಿದ ಗತಿ ಒದಗದು. ಇದಕ್ಕೆ ಬೇಕಾದ ಹಣ ಒಂದು ಮೇಲ್ಸೇತುವೆಯ ಕಂಬದ ವೆಚ್ಚದಷ್ಟೂ ಆಗಲಾರದು.

ಐವತ್ತು ವರ್ಷಗಳ ಹಿಂದೆ ನ್ಯೂಯಾರ್ಕಿನ ಆಡಳಿತಗಾರರು ಒಂದು ಬಡಾವಣೆಯ ಬಗ್ಗೆ ತಮಗೆ ಎಲ್ಲವೂ ತಿಳಿದಿದೆ ಎಂದುಕೊಂಡಿದ್ದರು. ಮಾಹಿತಿಯ ಕೊರತೆ ಅವರಿಗಿರಲಿಲ್ಲ. ಅಲ್ಲಿ ಉಳಿದವರು ಏನನ್ನು ಕಟ್ಟುತ್ತಿದ್ದಾರೆಂದು ನೋಡುವ ಏರ್ಪಾಡು ಇರಲಿಲ್ಲ. ಒಬ್ಬ ಶಿಕ್ಷಕಿ, ಒಬ್ಬ ಶಿಲ್ಪಿ, ಒಬ್ಬ ನಿರಾಶ್ರಿತ ಚಿತ್ರಕಾರ ಆ ಕೆಲಸವನ್ನು ತಮ್ಮಷ್ಟಕ್ಕೆ ತಾವು ಮಾಡಿದರು. ಅವರು ಚಿತ್ರೀಕರಿಸಿದ್ದನ್ನು ಜನರ ಮುಂದೆ ಬೆಳಕಿಗೆ ಹಿಡಿಯುವ ಕೆಲಸವಾದರೂ ಸಾರ್ವಜನಿಕ ಸಂಸ್ಥೆಗಳದ್ದು. ಅದಕ್ಕೆ ಇನ್ನೊಂದು ವಾರ್ಷಿಕೋತ್ಸವಕ್ಕಾಗಿ ಕಾಯಬೇಕಿಲ್ಲ.